ದೊಡ್ಡ ಅಳತೆಯ ಬಳೆಗಳು

ಲಿಫ್ಟಿನ ಉಕ್ಕಿನ ಬಾಗಿಲು ಕೂಡಿಕೊಳ್ಳುವಾಗ ಮೈಲಾರವ್ವನ ಎಡಗೈ ಇನ್ನೂ ಹೊರಗಿತ್ತು. ಅಳಿಯ ಗುಡದಪ್ಪ ಅದನ್ನು ನೋಡಿದವನೇ ಗುಂಡಿಯ ಮೇಲೆ ಅಂಗೈ ಅಪ್ಪಳಿಸಿದ. ಬಾಗಿಲು ತಿರುಗಿ ತೆರೆದುಕೊಂಡಿತು, ಕೈ ಉಳಿಯಿತು. ಒಂದು ಹಸಿರು ಬಳೆ ಮಾತ್ರ ಮೂರು ಚೂರಾಗಿ ಕಾಲ ಬುಡದಲ್ಲಿ ಬಿತ್ತು.

"ಅಳತಿ ದೊಡ್ಡದಾಗ್ಯಾವ್ರಿ ಅತ್ತಿ. ಜೋತಾಡ್ತಾವು," ಎಂದ ಗುಡದಪ್ಪ. ಅತ್ತೆ ಬರಿಗಾಲಲ್ಲಿದ್ದಳು. ಅವನು ಬಗ್ಗಿ ಚೂರುಗಳನ್ನೆಲ್ಲ ಆಯ್ದು ತನ್ನ ಖಾಕಿ ಅಂಗಿಯ ಕಿಸೆಗೆ ಹಾಕಿಕೊಂಡ.

"ನನ್ನ ಬಳಿ ನನಗ ಗೊತ್ತೈತಿ," ಎಂದಳು ಮೈಲಾರವ್ವ.

ಲಿಫ್ಟು ಮೇಲೇರತೊಡಗಿತು. ಹೊಟ್ಟೆಯೊಳಗಿನದೆಲ್ಲ ಕೆಳಗೇ ಉಳಿದಂತಾಗಿ ಆಕೆ ಕಂಕುಳಲ್ಲಿದ್ದ ಮೊಮ್ಮಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಎದುರಿಗೆ ನಿಂತಿದ್ದ ನೈಲಾನ್ ಸೀರೆಯ ಹೆಂಗಸೊಬ್ಬಳು ಆಕೆಯ ಹೆಗಲ ಮೇಲಿನ ಕಂಬಳಿಯನ್ನು ನೋಡಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಳು.

"ಯಾಕ ಮೂಗ ಹಿಡದಾಳ ಆಕಿ? ಹುಟ್ಟಿದಾಗಿಂದ ಕುರಿ ಕಂಡಿಲ್ಲೇನು?"

"ಯವ್ವಾ, ಸುಮ್ನಿರ," ಎಂದಳು ಮಗಳು ಹನಮಿ.

"ನಾ ಸುಮ್ನ ಅದೀನಿ. ಆಕಿ ಮೂಗ ಹಿಡದಾಳ."

ಅದು ಸಮುದ್ರವನ್ನು ತುಂಬಿಸಿ ಮಾಡಿದ ನೆಲದ ಮೇಲೆ ಹೊಸದಾಗಿ ಎದ್ದ ಇಪ್ಪತ್ತೆಂಟು ಅಂತಸ್ತಿನ ಕಟ್ಟಡ. ವಾರದ ಆರು ದಿನ ಅಲ್ಲಿ ಕಚೇರಿಗಳು ನಡೆಯುತ್ತಿದ್ದವು. ರವಿವಾರ ಮಾತ್ರ ಚೀಟಿ ಕೊಟ್ಟು ಜನರನ್ನು ಮೇಲಿನ ಗಚ್ಚಿಗೆ ಬಿಡುತ್ತಿದ್ದರು. ಅಲ್ಲಿ ನಿಂತರೆ ಒಂದು ಮಗ್ಗುಲಿಗೆ ಮುಂಬಯಿ, ಇನ್ನೊಂದು ಮಗ್ಗುಲಿಗೆ ಬಂದರು ಕಾಣುತ್ತಿತ್ತು. ಗುಡದಪ್ಪ ಅಲ್ಲಿ ಲಿಫ್ಟು ನಡೆಸುವವ. ತನ್ನ ಅರ್ಧ ತಾಸಿನ ಬಿಡುವಿನಲ್ಲಿ ಜೊತೆಗಾರನಿಗೆ ಲಿಫ್ಟು ಒಪ್ಪಿಸಿ, ಹೆಂಡತಿಯನ್ನೂ ಅತ್ತೆಯನ್ನೂ ಮೇಲೆ ಕರೆದೊಯ್ಯಲು ಮೇಲಿನವರ ಒಪ್ಪಿಗೆ ಪಡೆದಿದ್ದ. ಅತ್ತೆಗೆ ಮುಂಬಯಿ ತೋರಿಸುತ್ತೇನೆಂದು ಅವನು ತಿಳಿದಿದ್ದ.

ಮೈಲಾರವ್ವನಿಗೆ ಮುಂಬಯಿ ಬೇಕಾಗಿರಲಿಲ್ಲ. ಆಕೆಗೆ ಒಂದು ಹಡಗು ನೋಡಬೇಕಾಗಿತ್ತು. ಆ ಹಡಗು ಊರಿನ ಬಳೆಗಾರ್ತಿ ಜಮಾಲಬಿಯನ್ನು ಹೊತ್ತುಕೊಂಡು ದಂಡೆ ಬಿಡುವುದನ್ನು, ತನ್ನಿಂದ ಮಾಫಿ ಸಿಗದೆಯೇ ಜಮಾಲಬಿ ಹಜ್ಜಿಗೆ ಹೋಗುವುದನ್ನು ಕಣ್ಣಾರೆ ನೋಡಬೇಕಾಗಿತ್ತು.

ಹದಿನೈದು ದಿನದ ಹಿಂದೆ, ಗುಡಗೇರಿಯಲ್ಲಿ ದೀಪಾವಳಿಯ ಹಣತೆಗಳನ್ನು ಇನ್ನೂ ಎತ್ತಿಟ್ಟಿರಲಿಲ್ಲ, ಜಮಾಲಬಿ ತನ್ನ ಗಂಡ ಅಬ್ದುಲಮಜೀದನ ಜೊತೆ ಮನೆ ಮನೆಗೆ ಹೊರಟಿದ್ದಳು. ಹಜ್ಜಿಗೆ ಹೋಗುವವರು ಯಾರ ಮನಸ್ಸಿನ ನೋವನ್ನೂ ಹಿಂದೆ ಬಿಟ್ಟು ಹೋಗಬಾರದು. ಊರವರೆದುರು ನಿಂತು, ತಪ್ಪಾಗಿದ್ದರೆ ಮಾಫ್ ಮಾಡಿರೆಂದು ಕೇಳಬೇಕು, ಅವರು ಮಾಡಿದೆ ಎನ್ನಬೇಕು. ಜಮಾಲಬಿ ನಲವತ್ತು ವರ್ಷ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ತಿರುಗಿದವಳು. ಗುಡಗೇರಿಯಲ್ಲಿ ಆಕೆ ಹಿಡಿಯದ ಕೈಯೇ ಇರಲಿಲ್ಲ. ಎಣ್ಣೆಯಂಗಡಿಯವ, "ನನ್ನ ಹೇಣ್ತಿ ಕೈಯಾಗ ನೀ ಒಡದ ಬಳಿ ಎಲ್ಲಾ ಮಾಫ್, ಹೋಗವ್ವ," ಎಂದು ನಗಿಸಿ ಕಳಿಸಿದ್ದ. ಮೈಲಾರವ್ವನ ಗಂಡ ಭರಮಪ್ಪ ಕುರಿಹಟ್ಟಿಯಲ್ಲೇ ಮಾಫ್ ಮಾಡಿದೆನೆಂದು ಹೇಳಿ, ಅಬ್ದುಲಮಜೀದನ ಕೈ ಹಿಡಿದು, ಚಹಾ ಕುಡಿಸಿ ಬಂದಿದ್ದ.

ಮೈಲಾರವ್ವ ಹೊಸ್ತಿಲ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು.

"ಮೈಲಾರವ್ವ, ಹೊಂಟೀನಿ. ನನ್ನ ಕಡಿಂದ ನಿನಗ ತಪ್ಪಾಗೇತಿ. ಮಾಫ್ ಮಾಡು."

"ಮಾಡೂದಿಲ್ಲ."

"ನೀ ಮಾಡಲಿಲ್ಲಂದ್ರ ನನ್ನ ಹಜ್ಜ ಪೂರಾ ಆಗೂದಿಲ್ಲ."

"ಆಗದಿರ್ಲಿ. ನನ್ನ ಮಗಳ ಲಗ್ನ ಪೂರಾ ಆತೇನು?"

"ಎಷ್ಟ ವರ್ಷ ಆತವ್ವ."

"ಆರು. ನನಗ ಎಣಿಸಾಕ ಬರ್ತೈತಿ."

ಅಬ್ದುಲಮಜೀದ ಟೋಪಿ ಕೈಯಲ್ಲಿ ಹಿಡಿದುಕೊಂಡು ಬೀದಿಯಲ್ಲೇ ನಿಂತಿದ್ದ. ನೂಲಿನ ಉಂಡೆ ಮೈಲಾರವ್ವನ ಮಡಿಲಿಂದ ಜಾರಿ ಗಟಾರದ ಕಡೆಗೆ ಉರುಳಿತು. ಜಮಾಲಬಿ ಅದನ್ನು ಎತ್ತಿ, ಅಂಟಿದ ಕಸ ಬಿಡಿಸಿ, ಹೊಸ್ತಿಲ ಮೇಲಿಟ್ಟು ಹೋದಳು. ಮೈಲಾರವ್ವ ಆ ಉಂಡೆಯನ್ನು ಎರಡು ದಿನ ಮುಟ್ಟಲಿಲ್ಲ.

ಆಕೆಯ ಮಗಳು ಹನಮಿಗೆ ಹದಿಮೂರರಿಂದ ಮೂರ್ಛೆ ಬರುತ್ತಿತ್ತು. ಮೊದಲ ಸಲ ಬಂದದ್ದು ಜಮಾಲಬಿ ಬಳೆ ಇಡಿಸುತ್ತಿರುವಾಗಲೇ. ಅಂದು ಜಮಾಲಬಿ ತನ್ನ ಸೆರಗಿನಿಂದ ಹುಡುಗಿಯ ಬಾಯಿ ಒರೆಸಿ, ಕೈಯಲ್ಲಿ ಕೀಲಿಕೈ ಹಿಡಿಸಿ, ಎಚ್ಚರಾಗುವವರೆಗೆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮೈಲಾರವ್ವ ಆಕೆಯಿಂದ ಕೈ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ್ದಳು: ಯಾರಿಗೂ ಹೇಳಕೂಡದು. ನಾಲ್ಕು ವರ್ಷ ಜಮಾಲಬಿ ಹೇಳಲಿಲ್ಲ. ಐದನೆಯ ವರ್ಷ ಕುಬಿಹಾಳದ ಎಂಟೆತ್ತಿನ ಮನೆತನದಲ್ಲಿ ಲಗ್ನ ಗೊತ್ತಾಗಿ, ಹಂದರಕ್ಕೆ ತೆಂಗಿನಗರಿ ಬಂದು ಬಿದ್ದಾಗ, ಗಂಡಿನ ತಾಯಿ ಜಮಾಲಬಿಯನ್ನು ಕೂಡಿಸಿಕೊಂಡು, ಹುಡುಗಿ ಹೆಂಗ ಎಂದು ಕೇಳಿದಳು. ಜಮಾಲಬಿ ಇದ್ದದ್ದನ್ನು ಹೇಳಿಬಿಟ್ಟಳು. ಲಗ್ನ ಮುರಿಯಿತು. ತೆಂಗಿನಗರಿ ಅಲ್ಲೇ ಒಣಗಿತು. ಹನಮಿಯನ್ನು ಕೊನೆಗೆ ತಂಬೂರ ಎಂಬ ಊರಿನ ಗುಡದಪ್ಪನಿಗೆ ಕೊಟ್ಟರು. ಹೆಂಡತಿ ತೀರಿಕೊಂಡವ, ಹುಡುಗಿಗಿಂತ ಹನ್ನೊಂದು ವರ್ಷ ದೊಡ್ಡವ, ಮುಂಬಯಿಯಲ್ಲಿ ನೌಕರಿ. ಅವನಿಗೆ ಮೂರ್ಛೆಯ ಸುದ್ದಿ ಹೇಳಲಿಲ್ಲ. ಅಂದಿನಿಂದ ಅಂಚೆಯವ ಕಾರ್ಡು ತಂದಾಗಲೆಲ್ಲ, ಅಳಿಯನಿಗೆ ಗೊತ್ತಾಯಿತೋ, ಮಗಳನ್ನು ತವರಿಗಟ್ಟಿದನೋ ಎಂದು ಮೈಲಾರವ್ವನ ಎದೆ ಹಾರುತ್ತಿತ್ತು.

ಅಂದಿನಿಂದ ಆಕೆ ಜಮಾಲಬಿಗೆ ಕೈ ಕೊಡಲಿಲ್ಲ. ಕುಂದಗೋಳದ ಸಂತೆಯಲ್ಲಿ ಬಳೆ ಇಡಿಸಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ಟಗರು ಹಾಯ್ದು ಆಕೆಯ ಎಡಗೈ ಹೆಬ್ಬೆರಳಿನ ಬುಡದ ಎಲುಬು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದನ್ನು ಯಾವ ಕಡೆ ಹೊರಳಿಸಿದರೆ ಬಳೆ ದಾಟುತ್ತದೆಂಬುದು ಲಗ್ನದಿಂದ ಹಿಡಿದು ಬಳೆ ಇಡಿಸಿದ ಜಮಾಲಬಿಗೊಬ್ಬಳಿಗೇ ಗೊತ್ತು. ಸಂತೆಯವರು ನಾಲ್ಕು ಇಡಿಸುವಷ್ಟರಲ್ಲಿ ಮೂರು ಒಡೆದು, ಚರ್ಮ ಕಿತ್ತು, ಕೊನೆಗೆ ದೊಡ್ಡ ಅಳತೆಯವನ್ನೇ ಕೊಟ್ಟು ಕಳಿಸುತ್ತಿದ್ದರು. ಅವು ರೊಟ್ಟಿ ಬಡಿಯುವಾಗ ಮೊಣಕೈವರೆಗೆ ಏರುತ್ತಿದ್ದವು, ಹಾಲು ಹಿಂಡುವಾಗ ಬೆರಳಿನವರೆಗೆ ಇಳಿಯುತ್ತಿದ್ದವು. ಬಲಗೈಗೆ ಸರಿಯಾದ ಅಳತೆ ಸಿಗುತ್ತಿತ್ತು, ಆದರೆ ಎರಡು ಕೈಗೆ ಎರಡು ಅಳತೆ ಹಾಕಿಕೊಂಡರೆ ಜನ ಯಾಕೆಂದು ಕೇಳುತ್ತಾರಲ್ಲ. ಆರು ವರ್ಷ ಎರಡೂ ಕೈಯ ಬಳೆಗಳು ಜೋತಾಡಿದವು.

ಮಗಳು ಕೂಸಿನೊಂದಿಗೆ ಒಬ್ಬಳೇ ಇದ್ದಾಳೆ, ಬಂದು ಹೋಗು ಎಂದು ಕಾರ್ಡು ಬಂದದ್ದು ಅದೇ ವಾರ. ಗುಡಗೇರಿ ನಿಲ್ದಾಣದಲ್ಲಿ ಗಾಡಿ ಹತ್ತಿದರೆ ಅದೇ ಡಬ್ಬಿಯಲ್ಲಿ ಜಮಾಲಬಿ, ಅಬ್ದುಲಮಜೀದ. ಮೈಲಾರವ್ವ ದಾರಿಯುದ್ದಕ್ಕೂ ಅವರಿಗೆ ಬೆನ್ನು ಕೊಟ್ಟು ಕೂತಳು. ಅರಿವೆಯಲ್ಲಿ ಸುತ್ತಿದ ಮೂರು ರೊಟ್ಟಿ, ಶೇಂಗಾಹಿಂಡಿ ಆಕೆಯ ಮಗ್ಗುಲಿಗೆ ಬಂದು ಕೂತವು. ಮೊಣಕೈಯಿಂದ ಅತ್ತ ಸರಿಸಿದಳು. ಮಿರಜದಲ್ಲಿ ಗಾಡಿ ಬದಲಿಸುವಾಗ ಮಾತ್ರ, ಯಾವುದು ಯಾವ ಗಾಡಿ ತಿಳಿಯದೆ, ಅಬ್ದುಲಮಜೀದನ ತಲೆಯ ಮೇಲಿನ ಕೆಂಪಂಚಿನ ಹಾಸಿಗೆ ಸುರುಳಿಯ ಮೇಲೆ ಕಣ್ಣಿಟ್ಟು ಹಿಂದೆ ಹಿಂದೆ ನಡೆದಳು. ಅವನು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಭಾರಕ್ಕೆ ನಿಲ್ಲುತ್ತಿದ್ದಾನೆಂದು ಆಕೆ ತನಗೆ ತಾನೇ ಹೇಳಿಕೊಂಡಳು.

ಲಿಫ್ಟು ನಿಂತಿತು.

ಗಚ್ಚಿನ ಮೇಲೆ ಗಾಳಿ ಜೋರಾಗಿತ್ತು. ಮೈಲಾರವ್ವ ಕಟಾಂಜನದ ಹತ್ತಿರ ಹೋಗಿ ಕೆಳಗೆ ನೋಡಿದಳು. ಎರಡು ಹೊಲದಾಚೆಯ ಕುರಿಯನ್ನು ನಡಿಗೆಯಿಂದಲೇ ಗುರುತಿಸುವ ಕಣ್ಣು ಆಕೆಯದು. ಇಲ್ಲಿ ಗಂಡು ಯಾವುದು, ಹೆಣ್ಣು ಯಾವುದು ತಿಳಿಯಲಿಲ್ಲ. ಮೋಟಾರುಗಳು ಕುರಿಯ ಮೈಮೇಲಿನ ಉಣ್ಣಿಯಂತೆ ರಸ್ತೆಗೆ ಅಂಟಿಕೊಂಡು ಸರಿಯುತ್ತಿದ್ದವು. ಮನೆಯ ಮೇಲೆ ಮನೆ, ಅದರಾಚೆ ಹೊಗೆ. ಇತ್ತ ತಿರುಗಿದರೆ ನೀರು. ಅಷ್ಟು ನೀರನ್ನು ಆಕೆ ಒಟ್ಟಿಗೆ ಕಂಡಿರಲಿಲ್ಲ, ಅದು ಕುಡಿಯಲು ಬರುವುದಿಲ್ಲವೆಂದು ಹನಮಿ ಹೇಳಿದಾಗ ಸಿಟ್ಟೇ ಬಂತು.

"ಏ ಬಾಯೀ, ಪೀಛೇ," ಎಂದು ಕಾವಲಿನವ ಕೋಲಿನಿಂದ ಕಟಾಂಜನ ಬಡಿದ.

"ಏನಂತಾನ ಅಂವಾ?"

"ಹಿಂದ ಸರಿ ಅಂತಾನ."

"ಬಾಕಿ ಮಂದಿಗೆ ಯಾಕ ಅನ್ನವಲ್ಲ?"

ಹನಮಿ ತಾಯಿಯ ಸೆರಗು ಹಿಡಿದು ಹಿಂದಕ್ಕೆ ಎಳೆದಳು. ನೈಲಾನ್ ಸೀರೆಯ ಹೆಂಗಸು ಆ ತುದಿಗೆ ಹೋಗಿ ನಿಂತಿದ್ದಳು.

ಹಜ್ಜಿನ ಹಡಗು ಯಾವುದೆಂದು ಮೈಲಾರವ್ವ ಕೇಳಿದಳು. ಗುಡದಪ್ಪ ಬಂದರಿನ ಕಡೆಗೆ ಬೆರಳು ತೋರಿಸಿದ. "ಕರೇ ಹೊಗಿ ಬಿಟಗೋತ ಹೊಂಟೈತಲ್ರಿ, ಅದ ಇರಬೇಕು. ಮಜೀದ ಕಾಕಾ ಸ್ಟೇಶನ್ನಾಗ ರವಿವಾರ ಮಧ್ಯಾಹ್ನ ಅಂದಿದ್ರು." ಗಚ್ಚಿನ ಮೂಲೆಯಲ್ಲಿ ಕಾಲಿನ ಮೇಲೆ ನಿಲ್ಲಿಸಿದ ದೊಡ್ಡ ದುರ್ಬೀನಿತ್ತು. ಅತ್ತೆಗೆ ಅದರಲ್ಲಿ ತೋರಿಸಬೇಕೆಂದು ಅವನು ದುರ್ಬೀನಿನವನ ಹತ್ತಿರ ಪಾಳಿ ಹಚ್ಚಲು ಹೋದ.

ಮೈಲಾರವ್ವ ಹಡಗಿನಿಂದ ಕಣ್ಣು ಕೀಳಲಿಲ್ಲ. ಅದು ನಿಂತಲ್ಲೇ ನಿಂತಂತಿತ್ತು, ಆದರೆ ನೋಡಿದಾಗೊಮ್ಮೆ ದೂರವಾಗಿರುತ್ತಿತ್ತು. "ಹೋಗ್ಲಿ. ಹೊತಗೊಂಡ ಹೋಗ್ಲಿ," ಎಂದಳು.

"ಏನ ಹೊತಗೊಂಡು?"

"ನಿನ್ನ ಹಣೇಬರಾ."

"ನನ್ನ ಹಣೇಬರಕ್ಕ ಏನಾಗೇತಿ?"

"ಏನಾಗೇತಿ? ಎರಡನೇ ಸಂಬಂಧ. ಕೈ ಚಾಚಿದ್ರ ಎರಡೂ ಗ್ವಾಡಿ ಹತ್ತೂವಂಥ ಒಂದ ಖೋಲಿ. ನೀರಿಗೆ ಪಾಳಿ, ಸಂಡಾಸಕ್ಕ ಪಾಳಿ. ಕುಬಿಹಾಳದಾಗ ಎಂಟೆತ್ತ ಕಟ್ತಿದ್ರು. ಈ ಲಿಫ್ಟಿನಾಗ ದಿನಾ ಹತ್ತಿ ಇಳದ ನಿನ್ನ ಗಂಡ ಎಲ್ಲಿ ಮುಟ್ಯಾನ?"

"ಮೆಲ್ಲಕ ಮಾತಾಡ. ಅವರಿಗೆ ಕೇಳ್ತೈತಿ."

"ಕೇಳ್ಲಿ."

"ಯವ್ವಾ, ನೀ ಬಂದ ಮೂರ ದಿನ ಆತು. ಮೂರೂ ದಿನ ಇದನ್ನ ಅಂತೀದಿ. ನಾ ಒಂದ ಮಾತ..."

ಮಾತು ಅಲ್ಲಿಗೇ ನಿಂತಿತು. ಹನಮಿಯ ಬಾಯಿ ತೆರೆದೇ ಇತ್ತು. ಕಣ್ಣುಗಳು ತಾಯಿಯನ್ನು ಬಿಟ್ಟು ಎಲ್ಲೋ ಮೇಲೆ ಹೋದವು. ಮೈಲಾರವ್ವ ಒಂದು ಕೈಯಲ್ಲಿ ಕೂಸನ್ನು ಹಿಡಿದುಕೊಂಡು ಇನ್ನೊಂದು ಕೈ ಚಾಚುವಷ್ಟರಲ್ಲಿ ಮಗಳು ಗಚ್ಚಿನ ಮೇಲೆ ಬಿದ್ದಿದ್ದಳು. ಹಿಮ್ಮಡಿಗಳು ನೆಲವನ್ನು ಬಡಿಯುತ್ತಿದ್ದವು.

ಜನ ಹಿಂದೆ ಸರಿದು ಸುತ್ತ ನಿಂತರು. ಯಾರೋ ಕುಡಿದಿದ್ದಾಳೆ ಎಂದರು. ಕಾವಲಿನವ ಕೋಲು ಆಡಿಸುತ್ತ ಬಂದ. ಆಗ ಮೈಲಾರವ್ವ ಮಾಡಿದ್ದು ಒಂದೇ. ದುರ್ಬೀನಿನ ಕಡೆಯಿಂದ ಓಡಿ ಬರುತ್ತಿದ್ದ ಅಳಿಯನಿಗೂ ಬಿದ್ದ ಮಗಳಿಗೂ ನಡುವೆ ಹೋಗಿ, ಕಂಬಳಿಯನ್ನು ಖಾಲಿ ಕೈಯಿಂದ ಪರದೆಯಂತೆ ಅಗಲಿಸಿ ನಿಂತಳು.

"ಏನಿಲ್ರಿ. ಬಿಸಲಿಗೆ ತಲಿ ತಿರಗೇತಿ. ನೀವು ಅತ್ತಾಗ ಇರ್ರಿ. ಹೆಂಗಸರ ತ್ರಾಸ, ನೀವು ನೋಡಬಾರದು."

"ಬಾಜೂಕ ಸರೀರಿ ಅತ್ತಿ."

"ಏನಿಲ್ಲ ಅಂದ್ನಲ್ರಿ."

ಗುಡದಪ್ಪ ಆಕೆಯ ಎರಡೂ ಹೆಗಲು ಹಿಡಿದು, ಬಾಗಿಲ ಅಡ್ಡದ ಚೀಲ ಸರಿಸುವಷ್ಟು ಮೆತ್ತಗೆ, ಬಾಜೂಕ ಸರಿಸಿದ. ಮೊಣಕಾಲೂರಿ ಕೂತು ಹೆಂಡತಿಯನ್ನು ಮಗ್ಗುಲಿಗೆ ಹೊರಳಿಸಿದ. ಟೋಪಿ ತೆಗೆದು ಆಕೆಯ ತಲೆಯ ಕೆಳಗಿಟ್ಟ. ನಡುಪಟ್ಟಿಯಿಂದ ಲಿಫ್ಟಿನ ಕೀಲಿಗೊಂಚಲು ಬಿಚ್ಚಿ ಆಕೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಬಾಯಿಯ ನೊರೆಯನ್ನು ತೋಳಿನಿಂದ ಒರೆಸಿದ. ಕಾವಲಿನವನಿಗೆ ತಲೆಯೆತ್ತದೆಯೇ ಏನೋ ಹೇಳಿದ. ಅವನು ಕೋಲು ಇಳಿಸಿ ಜನರಿಗೆ ಬೆನ್ನು ಮಾಡಿ ನಿಂತ. ಈ ಕೆಲಸವನ್ನು ಗುಡದಪ್ಪ ಮೊದಲ ಸಲ ಮಾಡುತ್ತಿರಲಿಲ್ಲವೆಂಬುದು ಯಾರಿಗಾದರೂ ಕಾಣುತ್ತಿತ್ತು.

ಹನಮಿಯ ಹಿಮ್ಮಡಿಗಳು ಶಾಂತವಾದವು. ನೈಲಾನ್ ಸೀರೆಯ ಹೆಂಗಸು ಜನರ ನಡುವಿನಿಂದ ಬಂದು, ತನ್ನ ಬಾಟಲಿಯ ನೀರಿನಲ್ಲಿ ಆ ಕರವಸ್ತ್ರವನ್ನೇ ತೊಯ್ಸಿ ಹಿಂಡಿ, ಮೈಲಾರವ್ವನ ಕೈಯಲ್ಲಿಟ್ಟು ಹೋದಳು. ಅದು ಕೈಯಲ್ಲೇ ಉಳಿಯಿತು.

"ವರ್ಷಾತ್ರಿ ಬಂದಿರ್ಲಿಲ್ಲ," ಎಂದ ಗುಡದಪ್ಪ. "ಸರ್ಕಾರಿ ದವಾಖಾನ್ಯಾಗಿನ ಗುಳಿಗಿ ತಪ್ಪದ ತಗೋತಿದ್ಳು. ಮೂರ ದಿನದಿಂದ ಡಬ್ಬಿ ಸಿಗವಲ್ದು. ನಾಳೆ ಹೋಗಿ ತರೂಣಂತ ಬಿಟ್ವಿ."

ಮೈಲಾರವ್ವನ ನಡುವಿಗೆ ಎಲೆಯಡಿಕೆಯ ಸಂಚಿ ಸಿಕ್ಕಿಸಿತ್ತು. ಮೂರು ದಿನದ ಹಿಂದೆ ಖೋಲಿಯೊಳಗೆ ಕಾಲಿಟ್ಟಾಗ ಗೋಡೆಯ ಮಾಡದಲ್ಲಿ ಗುಳಿಗೆಯ ಡಬ್ಬಿ ರಾಜಾರೋಷವಾಗಿ ಕೂತಿತ್ತು. ಅಳಿಯನ ಕಣ್ಣಿಗೆ ಬಿದ್ದರೆ ಮಗಳ ಗತಿಯೇನೆಂದು ಆಕೆಯೇ ಅದನ್ನು ಎತ್ತಿ ಸಂಚಿಗೆ ಸೇರಿಸಿದ್ದಳು. ಮಗಳು ಡಬ್ಬಿ ಹುಡುಕುವಾಗಲೆಲ್ಲ ಅಳಿಯ ಖೋಲಿಯಲ್ಲೇ ಇರುತ್ತಿದ್ದ, ಬಾಯಿ ಬಿಟ್ಟಿರಲಿಲ್ಲ. ಈಗ ಡಬ್ಬಿಯನ್ನು ಹೊರಗೆ ತೆಗೆದು ಅವನ ಮುಂದೆ ಹಿಡಿದಳು. ಸುಣ್ಣದ ಬೆರಳಿನ ಗುರುತು ಅದರ ಮೇಲಿತ್ತು.

ಗುಡದಪ್ಪ ಡಬ್ಬಿಯನ್ನು ನೋಡಿದ, ಅತ್ತೆಯನ್ನು ನೋಡಿದ. ಅವನ ದವಡೆ ಬಿಗಿಯಿತು. ಒಂದು ಕ್ಷಣ ಅವನು ಬೈಯುತ್ತಾನೆಂದೇ ಆಕೆಗೆ ಅನ್ನಿಸಿತು, ಬೈಯಲಿ ಎಂದೂ ಅನ್ನಿಸಿತು. ಅವನು ಡಬ್ಬಿ ಇಸಿದುಕೊಂಡು ಕಿಸೆಗೆ ಹಾಕಿಕೊಂಡ.

"ನಿಮಗ ಯಾವಾಗಿಂದ ಗೊತ್ತಿತ್ರಿ?" ಎಂದಳು ಮೈಲಾರವ್ವ.

"ಲಗ್ನಕ್ಕ ಮೊದಲ ಗೊತ್ತಿತ್ರಿ."

"ಯಾರ ಹೇಳಿದ್ರು?"

"ಜಮಾಲಬಿ ಕಾಕಿ. ಆಕಿ ತವರಮನಿ ತಂಬೂರ ಅಲ್ಲೇನ್ರಿ? ಸಂಬಂಧ ಗೊತ್ತಾದ ವಾರಕ್ಕ ಬಂದಿದ್ಳು. ನನ್ನ ಒಬ್ಬನ್ನ ಕರದ, 'ಹುಡುಗಿಗೆ ಹಿಂಗ ಐತಿ. ಬ್ಯಾಡಾದ್ರ ಈಗ ಬ್ಯಾಡಂತ ಹೇಳು. ಬೇಕಾದ್ರ, ಬಂದಾಗ ಹಿಡಿಯೂದು ಹೆಂಗಂತ ಕಲಕೊಂಡ ಹೋಗು' ಅಂದ್ಳು. ಕೀಲಿಕೈ ಹಿಡಸೂದು, ಮಗ್ಗಲಾಗಿಸೂದು, ಎಲ್ಲಾ ಆಕಿನ ತೋರಿಸ್ಯಾಳ. ನಿಮಗ ಹೇಳಬ್ಯಾಡ ಅಂತನೂ ಅಂದಿದ್ಳು."

ಮೈಲಾರವ್ವನ ಮುಖಕ್ಕೆ ರಕ್ತ ನುಗ್ಗಿತು. "ಅಂದ್ರ ಎರಡ ಸಲ," ಎಂದಳು. "ಎರಡ ಸಲ ಆಣಿ ಮುರದಾಳ. ಒಮ್ಮೆ ಸಾಲಲಿಲ್ಲ ಆಕಿಗೆ."

ಹನಮಿ ಕಣ್ಣು ತೆರೆದು ಗಂಡನ ಮುಖವನ್ನು ಹುಡುಕಿ, ಕೀಲಿಗೊಂಚಲನ್ನು ಹಾಗೇ ಹಿಡಿದುಕೊಂಡು ತಿರುಗಿ ಮುಚ್ಚಿದಳು.

ಮೈಲಾರವ್ವ ತಿರುಗಿ ಕಟಾಂಜನದ ಹತ್ತಿರ ಹೋದಳು. ಕೂಸು ಆಕೆಯ ಬಳೆಗಳನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆದಾಡುತ್ತಿತ್ತು. ಆ ಹಡಗು ಈಗ ಅಂಗೈಯಷ್ಟೂ ಇರಲಿಲ್ಲ. ಅದರ ಸುತ್ತ ಎತ್ತ ನೋಡಿದರೂ ನೀರು. ಅದರೊಳಗೆಲ್ಲೋ ಜಮಾಲಬಿ ಕೂತಿದ್ದಾಳೆ, ಹಾಸಿಗೆ ಸುರುಳಿಗೆ ಒರಗಿ, ಈಜು ಬರದವಳು, ಗುಡಗೇರಿಯ ಕೆರೆಗೆ ಇಳಿಯಲೂ ಅಂಜುವವಳು. ಆರು ವರ್ಷ ಹಿಡಿದ ಸಿಟ್ಟು ಹಾಗೆಯೇ ಇತ್ತು, ಇಂದು ಮೇಲೊಂದು ಬಂದು ಸೇರಿತ್ತು. ಆದರೂ ಆ ಚುಕ್ಕೆ ಅಳಿಸುವ ಮೊದಲು ಏನಾದರೂ ಅನ್ನಬೇಕೆನ್ನಿಸಿತು.

"ಹೋಗು. ಮಾಫ್ ಮಾಡೀನಿ," ಎಂದಳು ತುಟಿಯೊಳಗೇ. "ಹೋಗಿನ್ನ."

ಅಂದದ್ದು ಸುಲಭವಾಗಿತ್ತು. ಅಷ್ಟು ಎತ್ತರದಿಂದ, ಅಷ್ಟು ದೂರಕ್ಕೆ.

ದುರ್ಬೀನಿನವ ಗುಡದಪ್ಪನ ಹತ್ತಿರ ಬಂದು ಹಿಂದಿಯಲ್ಲಿ ಏನೋ ಹೇಳಿ, ಬಂದರಿನ ಒಳಗಡೆಗೆ ಕೈ ತೋರಿಸಿದ. ಗುಡದಪ್ಪ ತಲೆ ಕೆರೆದುಕೊಂಡ.

"ತಪ್ಪಾತ್ರಿ ಅತ್ತಿ. ಅದು ಗೋದಿ ತಂದ ಹಡಗಂತ, ಖಾಲಿ ಮಾಡಿ ಹೊಂಟೈತಿ. ಹಜ್ಜಿನ ಹಡಗ ಅಲ್ಲೇ ಐತಿ ನೋಡ್ರಿ, ಬಿಳೇದು. ನೀರಿನ ಭರತಿ ನೋಡಿ ನಾಳೆ ಮುಂಜಾನೆ ಬಿಡ್ತಾರಂತ. ಮಂದಿ ಇನ್ನೂ ಹತ್ತಿಲ್ಲ. ಎಲ್ಲಾರೂ ಮುಸಾಫಿರಖಾನ್ಯಾಗ ಅದಾರಂತ."

ಮೈಲಾರವ್ವ ಬಿಳಿಯ ಹಡಗನ್ನು ನೋಡಿದಳು. ಆಮೇಲೆ ದೂರದ ಚುಕ್ಕೆಯನ್ನು ನೋಡಿದಳು. ಗೋದಿಯ ಹಡಗಿಗೆ ಮಾಫಿ ಕೊಟ್ಟು ಕಳಿಸಿದ್ದಾಯಿತು.

"ಒಮ್ಮೆ ಅಂದೀನಿ. ಇನ್ನೊಮ್ಮೆ ಅನ್ನಾಕ ನನ್ನಿಂದ ಆಗೂದಿಲ್ಲ," ಎಂದಳು.

"ಏನ ಅಂದ್ರಿ?"

"ಏನಿಲ್ಲ."

ಹನಮಿ ಕೆಳಗೆ ಲಿಫ್ಟಿನವರ ಖೋಲಿಯಲ್ಲಿ ಎರಡು ತಾಸು ಮಲಗಿ ಎದ್ದಳು. ಅಷ್ಟೂ ಹೊತ್ತು ಮೈಲಾರವ್ವ ಬಾಗಿಲಲ್ಲಿ ಕೂತು, ಎಲೆ ಮೆಲ್ಲದೆ, ಲಿಫ್ಟಿನ ಬಾಗಿಲು ತೆರೆದು ಮುಚ್ಚುವುದನ್ನು ನೋಡುತ್ತಿದ್ದಳು. ಐದಕ್ಕೆ ಗುಡದಪ್ಪನ ಪಾಳಿ ಮುಗಿಯಿತು. ಮಗಳನ್ನೂ ಕೂಸನ್ನೂ ಮನೆಗೆ ಮುಟ್ಟಿಸಿ ಅವನು ಅಂಗಿ ಬದಲಿಸುವಾಗ ಆಕೆ, "ಆ ಮುಸಾಫಿರಖಾನೆ ದೂರ ಐತೇನ್ರಿ?" ಎಂದಳು. ಅವನು ಬಿಚ್ಚಿದ ಗುಂಡಿಗಳನ್ನು ತಿರುಗಿ ಹಾಕಿಕೊಂಡ.

ಹಜ್ಜಿಗೆ ಹೋಗುವವರು ತಂಗುವ ಮುಸಾಫಿರಖಾನೆಯ ಅಂಗಳದಲ್ಲಿ ಟ್ರಂಕುಗಳು, ಹಾಸಿಗೆಗಳು, ನೀರಿನ ಡಬ್ಬಗಳು, ಅವುಗಳ ನಡುವೆ ಜನ. ಜಮಾಲಬಿ ಗೋಡೆಗೆ ಒರಗಿ ಕೆಂಪಂಚಿನ ಸುರುಳಿಗೆ ಹೆಸರಿನ ಪಟ್ಟಿ ಹೊಲಿಯುತ್ತಿದ್ದಳು. ಮೊದಲು ನೋಡಿದವನು ಅಬ್ದುಲಮಜೀದ. ಎದ್ದವನೇ ಒಂದು ಟ್ರಂಕಿನ ಧೂಳನ್ನು ತೋಳಿಂದ ಒರೆಸಿ ಮೈಲಾರವ್ವನ ಕಡೆಗೆ ಸರಿಸಿ, ನೀರು ತರಲು ಹೋದ.

ಮೈಲಾರವ್ವ ಕೂಡಲಿಲ್ಲ. "ನೀ ಎರಡ ಸಲ ಆಣಿ ಮುರದಿ," ಎಂದಳು.

ಜಮಾಲಬಿ ಗುಡದಪ್ಪನನ್ನು ನೋಡಿದಳು. ಅವನು ನೆಲ ನೋಡಿದ.

"ಹೇಳಿದೇನೋ?"

"ಹೇಳಬೇಕಾತ ಕಾಕಿ."

"ಹೌದವ್ವ," ಎಂದಳು ಜಮಾಲಬಿ. "ಎರಡ ಸಲ."

"ಮತ್ತ ನನ್ನ ಬಾಗಲಿಗೆ ಬಂದ ಮಾಫಿ ಯಾವುದಕ್ಕ ಕೇಳಿದಿ?"

"ಆಣಿ ಮುರದದ್ದಕ್ಕ. ಖರೇ ಹೇಳಿದ್ದಕ್ಕ ಕೇಳಿಲ್ಲ, ಕೇಳೂದೂ ಇಲ್ಲ. ಮೂರನೇದವ ಬಂದ ಕೇಳಿದ್ರೂ ಹೇಳ್ತಿದ್ದೆ."

"ದೇವರ ಮನಿಗೆ ಹೊಂಟರೂ ಸೊಕ್ಕ ಇಳದಿಲ್ಲ ನಿಂದು."

"ನಿಂದರ ಎಲ್ಲಿ ಇಳದೈತಿ?"

ಪಕ್ಕದ ಹಾಸಿಗೆಯ ಮುದುಕಿ ತಸಬಿಯ ಮಣಿ ಎಣಿಸುವುದನ್ನು ನಿಲ್ಲಿಸಿ ಇವರನ್ನು ನೋಡಿದಳು. ಅಬ್ದುಲಮಜೀದ ನೀರಿನ ಲೋಟ ಹಿಡಿದು ಬಂದು, ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತ. ಮೈಲಾರವ್ವ ಲೋಟ ಇಸಿದುಕೊಂಡು ಒಂದೇ ಗುಟುಕಿಗೆ ಕುಡಿದಳು. ಗುಡಗೇರಿಯಿಂದ ಹೊರಟಾಗಿನಿಂದ ಅವರ ಕೈಯಿಂದ ತೆಗೆದುಕೊಂಡದ್ದು ಅದೊಂದೇ.

"ಹನಮಿಗೆ ಇವತ್ತ ಬಂದಿತ್ತು," ಎಂದಳು. "ಆ ಗಚ್ಚಿನ ಮ್ಯಾಲ. ಗುಳಿಗಿ ಡಬ್ಬಿ ನಾ ಮುಚ್ಚಿಟ್ಟಿದ್ದೆ. ಅಳಿಯಗ ಕಾಣಬಾರದಂತ."

ಜಮಾಲಬಿಯ ಸೂಜಿ ನಿಂತಿತು. ದಾರ ಕಚ್ಚಿ ಹರಿದು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

ಮೈಲಾರವ್ವ ಟ್ರಂಕಿನ ಮೇಲೆ ಕೂತಳು. ಎದುರಿನ ಗೋಡೆಯನ್ನು ನೋಡುತ್ತಲೇ, ಎಡಗೈಯನ್ನು ಮುಂದಕ್ಕೆ ಚಾಚಿದಳು. ಬಳೆಗಳು ಜಾರಿ ಬೆರಳ ಗೆಣ್ಣಿಗೆ ಬಂದು ನಿಂತವು.

"ಬಳಿ ಎಲ್ಲಿ ಅದಾವ ನನ್ನ ಕಡೆ?" ಎಂದಳು ಜಮಾಲಬಿ. "ಮಲಾರ ಸೊಸಿಗೆ ಕೊಟ್ಟ ಬಂದೀನಿ."

"ನಾ ಏನರ ಕೇಳಿದ್ನೇನು?"

ಜಮಾಲಬಿ ಆ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಜೋತಾಡುವ ಬಳೆಗಳನ್ನು ಒಂದೊಂದಾಗಿ ತೆಗೆದು ಹಾಸಿಗೆಯ ಮೇಲಿಟ್ಟಳು. ಅವು ತಾವಾಗಿಯೇ ಹೊರಬಂದವು. ಮಣಿಕಟ್ಟು ಬರಿದಾಗಬಾರದೆಂದು ಕೊನೆಯದೊಂದನ್ನು ಹಾಗೇ ಬಿಟ್ಟಳು. ತನ್ನ ಎಡಗೈಯಿಂದ ನಾಲ್ಕು ಹಸಿರು ಬಳೆ ಇಳಿಸಿದಳು.

"ಸಾಬೂನ ತರ್ಲೇನು?" ಎಂದ ಅಬ್ದುಲಮಜೀದ.

"ಬ್ಯಾಡ. ಈ ಕೈ ನನಗ ಗೊತ್ತೈತಿ."

ಆಕೆ ಹೆಬ್ಬೆರಳಿನ ಬುಡವನ್ನು ತಿಕ್ಕತೊಡಗಿದಳು. ಸೊಟ್ಟ ಎಲುಬಿನ ಸುತ್ತ ಬೆರಳು ಆಡಿಸಿ, ಮೆತ್ತಗೆ ಒತ್ತಿ, ಒಳಮುಖವಾಗಿ ಹೊರಳಿಸಿದಳು. ಮೈಲಾರವ್ವ ಹಲ್ಲು ಕಚ್ಚಿದಳು, ನೋಯುತ್ತದೆಂದು. ನೋಯಲಿಲ್ಲ. ಒಂದು ದಾಟಿತು, ಎರಡು ದಾಟಿತು. ನಾಲ್ಕೂ ದಾಟಿ ಮಣಿಕಟ್ಟಿನಲ್ಲಿ ಕೂತವು. ಯಾವುದೂ ಒಡೆಯಲಿಲ್ಲ. ಬಿಟ್ಟಿದ್ದ ದೊಡ್ಡ ಬಳೆಯನ್ನು ಆಮೇಲೆ ತೆಗೆದಳು.

"ಆ ಕೈನೂ ಕೊಡು."

ಮೈಲಾರವ್ವ ಬಲಗೈಯನ್ನು ಕಂಬಳಿಯೊಳಗೆ ಎಳೆದುಕೊಂಡು ಎದ್ದು ನಿಂತಳು.

"ಅದು ನೀ ತಿರಗಿ ಬಂದ ಮ್ಯಾಲ," ಎಂದಳು.

ಬಸ್ಸಿನಲ್ಲಿ ಗದ್ದಲವಿತ್ತು. ಗುಡದಪ್ಪ ಹೇಗೋ ಆಕೆಗೆ ಕಿಟಕಿಯ ಜಾಗ ಮಾಡಿಕೊಟ್ಟು ಬಾಜೂಕ ನಿಂತ. ಬಸ್ಸು ಹಾರಿ ಬಿದ್ದಾಗಲೆಲ್ಲ ಮುಂದಿನ ಸರಳು ಹಿಡಿದ ಬಲಗೈಯಲ್ಲಿ ದೊಡ್ಡ ಅಳತೆಯ ಬಳೆಗಳು ಮೊಣಕೈವರೆಗೆ ಓಡಿ ಗಲಗಲ ಎನ್ನುತ್ತಿದ್ದವು. ಎಡಗೈ ಮಡಿಲಲ್ಲಿತ್ತು. ಅದರಿಂದ ಸಪ್ಪಳ ಬರುತ್ತಿರಲಿಲ್ಲ.